ಬಾಸೆಲಿನ ಕಂಪನಿ, ಮಂಗಳೂರಿನ ಹೆಂಚು

ಈ ಸಲ ಬೇಸಗೆಯಲ್ಲಿ ಊರಿಗೆ ಹೋದಾಗ ಅಜ್ಜನ ಮನೆಯ ಮಾಡು ಬಿಚ್ಚುತ್ತಿದ್ದರು. ಪಕ್ಕಾಸು, ರೀಪು ಎಲ್ಲ ಗೆದ್ದಲು ತಿಂದು ಮುಗಿಸಿತ್ತು. ಹೆಂಚು ಮಾತ್ರ ಗಟ್ಟಿಮುಟ್ಟಾಗಿತ್ತು. ಇಳಿಸಿದ ಹೆಂಚುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಸುಮ್ಮನೆ ಒಂದನ್ನು ಎತ್ತಿ ಮಗುಚಿ ನೋಡಿದೆ. ಹಿಂಬದಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಪಕ್ಕದ ಸಾಲಿನದನ್ನು ಎತ್ತಿದರೆ ಅದರಲ್ಲಿ ಬೇರೆ ಹೆಸರು, ಕಾಮನ್‌ವೆಲ್ತ್. ಅಳತೆ ಒಂದೇ, ಬಣ್ಣ ಒಂದೇ. ಒಂದರ ಕೊಕ್ಕೆಗೆ ಇನ್ನೊಂದು ಸರಿಯಾಗಿ ಕೂರುತ್ತದೆ. ಹೆಸರು ಮಾತ್ರ ಬೇರೆ.

"1865ರ ಹೆಂಚಾ ಮಾವ ಇದು?" ಅಂದ ಅಕ್ಕನ ಮಗ.

"ಅಲ್ಲ ಮಾರಾಯ, ಅದು ಕಾರ್ಖಾನೆ ಸುರುವಾದ ಇಸವಿ. ಹೆಂಚು ಆಮೇಲಿನದ್ದು."

ಈ ಹುಡುಗ ಬೆಂಗಳೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಏನೋ ಸಾಫ್ಟ್‌ವೇರ್ ಮಾಡುತ್ತಿದ್ದಾನೆ. ಕಂಪನಿಯನ್ನು ಸಿಂಗಪುರದಲ್ಲಿ ರಿಜಿಸ್ಟರ್ ಮಾಡುವ ಹುಮ್ಮಸ್ಸು. ಊರಿಗೆ ಬಂದ ಎರಡು ದಿನವೂ ಅವನ ಬಾಯಲ್ಲಿ ಅದೇ ಮಾತು. ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ, ಅಲ್ಲಿಗೆ ಹೋಗುವುದೂ ಬೇಡ, ಒಂದೇ ಒಂದು ತಕರಾರು, ಅಲ್ಲೇ ವಾಸ ಇರುವ ಒಬ್ಬ ಡೈರೆಕ್ಟರ್ ಇರಲೇಬೇಕಂತೆ. "ಅದೊಂದು ಫಾರ್ಮಾಲಿಟಿ ಅಷ್ಟೇ" ಅಂತ ಅವನ ಅಂಬೋಣ. ನನಗೆ ಕೈಯಲ್ಲಿದ್ದ ಎರಡು ಹೆಂಚು ನೋಡಿ ನಗು ಬಂತು. ಪರದೇಶಕ್ಕೆ ಹೋಗಿ ಕಂಪನಿ ಕಟ್ಟಿದವರ ಕಥೆಯೊಂದು ನಮ್ಮ ತಲೆಯ ಮೇಲೇ ನೂರು ವರ್ಷ ಇತ್ತಲ್ಲ! ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಬಾಸೆಲ್ ಅನ್ನುವುದು ರೈನ್ ನದಿಯ ದಂಡೆಯ ಸ್ವಿಸ್ ಪಟ್ಟಣ. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಜರ್ಮನಿ, ಇನ್ನೊಂದು ಕಡೆಗೆ ನಾಲ್ಕು ಹೆಜ್ಜೆ ಇಟ್ಟರೆ ಫ್ರಾನ್ಸ್. 1815ರಲ್ಲಿ ಅಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಇದರ ಏರ್ಪಾಟು ಸ್ವಾರಸ್ಯದ್ದು. ದುಡ್ಡು ಮತ್ತು ಆಡಳಿತ ಬಾಸೆಲಿನ ಸಾಹುಕಾರರದು, ರೇಷ್ಮೆ ರಿಬ್ಬನ್ ನೇಯಿಸಿ ಶ್ರೀಮಂತರಾದ ಮನೆತನಗಳದು. ಆದರೆ ಹಡಗು ಹತ್ತಿ ಹೊರಟ ಹುಡುಗರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. ಮಿಷನ್ನಿನ ಮುಖ್ಯಸ್ಥರೂ ಬಹುಕಾಲ ಆ ಸೀಮೆಯವರೇ. ಯಜಮಾನರು ಸ್ವಿಸ್, ಆಳುಮಕ್ಕಳು ಜರ್ಮನರು ಅನ್ನಿ ಬೇಕಾದರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಕಥೆಯ ಒಂದು ಭಾಗ ನಮಗೆಲ್ಲ ಗೊತ್ತಿರುವುದೇ. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೊಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ನಿಘಂಟು. ಕನ್ನಡದಲ್ಲಿ ನಾಲ್ಕಕ್ಷರ ಬರೆಯುವವರೆಲ್ಲ ಇವರ ಹೆಸರು ಹೇಳಿಯೇ ಹೇಳುತ್ತೇವೆ. ಆದರೆ ಇದೇ ಮನೆಯ ಲೆಕ್ಕದ ಪುಸ್ತಕದ ಕಡೆ ನಾವು ಅಷ್ಟಾಗಿ ಕಣ್ಣು ಹಾಯಿಸುವುದಿಲ್ಲ.

ಲೆಕ್ಕದ ಪುಸ್ತಕ ಶುರುವಾದದ್ದು ಒಂದು ಇಕ್ಕಟ್ಟಿನಿಂದ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಅನೇಕರಿಗೆ ಕಸುಬು ಶೇಂದಿ ಇಳಿಸುವುದು. ಮಿಷನ್ನಿಗೆ ಶೇಂದಿ ಆಗದು. ಕಸುಬು ಬಿಡು ಅಂದರೆ ಹೊಟ್ಟೆಗೇನು? ಇನ್ನು ಜಾತಿ ಬಿಟ್ಟವನಿಗೆ ಗೇಣಿಯ ಗದ್ದೆಯೂ ಇಲ್ಲ, ಮನೆಯವರ ಆಸರೆಯೂ ಇಲ್ಲ. ಹೊಸ ಧರ್ಮ ಕೊಟ್ಟವರು ಅನ್ನದ ದಾರಿಯನ್ನೂ ತೋರಿಸಬೇಕಾಯಿತು. ಗಡಿಯಾರ ರಿಪೇರಿ ಕಲಿಸಿ ನೋಡಿದರು, ಬೇಸಾಯ ಮಾಡಿಸಿ ನೋಡಿದರು. ಯಾವುದೂ ಹತ್ತಲಿಲ್ಲ. ಅಷ್ಟಕ್ಕೂ ಆ ಕಾಲದ ಮಂಗಳೂರಿನಲ್ಲಿ ಗಡಿಯಾರ ಇದ್ದವರಾದರೂ ಎಷ್ಟು ಮಂದಿ! ಕೊನೆಗೆ ಕೈ ಹಿಡಿದದ್ದು ನೇಯ್ಗೆ. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರರು ಯುರೋಪಿನಿಂದ ಬಂದ ಮೇಲೆ ಮಗ್ಗದ ಕೆಲಸ ಚುರುಕಾಯಿತು.

ಹಾಲರ್ ಅಂದ ಕೂಡಲೇ ಮಂಗಳೂರಿನವರು 'ಖಾಕಿ ಬಣ್ಣ ಕಂಡುಹಿಡಿದವರು' ಅಂತ ಎದೆಯುಬ್ಬಿಸುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಪೇಶಾವರದ ಕಡೆ ಲಮ್ಸ್‌ಡೆನ್‌ನ ಗೈಡ್ಸ್ ಪಡೆಯವರು 1840ರ ದಶಕದ ಕೊನೆಗೇ ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಿದ್ದರು. ಖಾಕಿ ಅನ್ನುವ ಪದವೇ ಆ ಕಡೆಯದು, ಧೂಳು ಅಂತ ಅರ್ಥ. ಬಣ್ಣ ಬಿಡದ ಹಾಗೆ ಅದ್ದುವ ಒಂದು ವಿಧಾನವನ್ನು ಬಲ್ಮಠದಲ್ಲಿ ಹಾಲರ್ ಸಾಧಿಸಿದ್ದರು ಅನ್ನುವುದರಲ್ಲೇ ನಾನು ತೃಪ್ತ. ಇದಕ್ಕಾಗಿ ಯಾರಾದರೂ ನನ್ನನ್ನು ಮಂಗಳೂರಿನಿಂದ ಗಡೀಪಾರು ಮಾಡಿದರೆ ಮಾಡಲಿ :-)

ಈಗ ಕಂಪನಿಯ ವಿಚಾರಕ್ಕೆ ಬರೋಣ. ಮಗ್ಗ ಓಡಿದರೆ ನೂಲು ಕೊಳ್ಳಬೇಕು, ಬಟ್ಟೆ ಮಾರಬೇಕು, ಸಾಲ ಕೊಡಬೇಕು, ವಸೂಲಿ ಮಾಡಬೇಕು. ಇದನ್ನೆಲ್ಲ ಪಾದ್ರಿಗಳು ಮಾಡುತ್ತಾ ಕೂತರೆ ಪ್ರಾರ್ಥನೆಗೆ ಹೊತ್ತೆಲ್ಲಿ? ಅಲ್ಲದೆ ಧರ್ಮಕ್ಕೆಂದು ಜನ ಕೊಟ್ಟ ಕಾಣಿಕೆಯನ್ನು ವ್ಯಾಪಾರದಲ್ಲಿ ಮುಳುಗಿಸಿದರೆ ಜವಾಬು ಹೇಳುವವರು ಯಾರು? ಬಾಸೆಲಿನಲ್ಲಿ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ ಮೊದಲಾದವರು ಸೇರಿ ಉದ್ಯಮ ಸಮಿತಿಯೊಂದನ್ನು ಮಾಡಿದರು. ಪ್ಫ್ಲೈಡರರ್ ಎಂಬ ವ್ಯಾಪಾರಸ್ಥರನ್ನು ಮಂಗಳೂರಿಗೆ ಕಳಿಸಿದರು. 1859ರಲ್ಲಿ ಮಿಷನ್ ಟ್ರೇಡಿಂಗ್ ಕಂಪನಿ ಎಂಬ ಷೇರು ಕಂಪನಿಯನ್ನೇ ಬಾಸೆಲಿನಲ್ಲಿ ಸ್ಥಾಪಿಸಿದರು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಅವರ ಕರಾರು. ಷೇರುದಾರರಿಗೆ ಇಂತಿಷ್ಟಕ್ಕಿಂತ ಹೆಚ್ಚು ಲಾಭಾಂಶ ಇಲ್ಲ. ಮಿಕ್ಕಿದ್ದು ಮಿಷನ್ನಿನ ಕೆಲಸಕ್ಕೆ. ಅತ್ತ ದಾನವೂ ಅಲ್ಲ, ಇತ್ತ ಪೂರಾ ವ್ಯಾಪಾರವೂ ಅಲ್ಲ. ಆಗಿನ ಕಾನೂನನ್ನೂ ಸ್ವಲ್ಪ ನೋಡಿ. ಬ್ರಿಟಿಷ್ ಇಂಡಿಯಾದಲ್ಲಿ ಸಾಮಾನ್ಯ ಕಂಪನಿಗಳಿಗೆ 'ಲಿಮಿಟೆಡ್' ಅನ್ನುವ ಸೌಕರ್ಯ, ಅಂದರೆ ಕಂಪನಿ ಮುಳುಗಿದರೂ ಷೇರುದಾರನ ಮನೆಮಠ ಹರಾಜಾಗದ ಸೌಕರ್ಯ, ಬಂದದ್ದೇ 1857ರ ಕಾಯಿದೆಯಿಂದ. ಸ್ವಿಟ್ಜರ್‌ಲೆಂಡಿನಲ್ಲಿ ಇಡೀ ದೇಶಕ್ಕೆ ಒಂದೇ ವ್ಯಾಪಾರ ಕಾನೂನು 1881ರವರೆಗೆ ಇರಲೇ ಇಲ್ಲ, ಒಂದೊಂದು ಸಂಸ್ಥಾನಕ್ಕೆ ಒಂದೊಂದು. ಎರಡೂ ಕಡೆ ಕಾನೂನಿನ ಶಾಯಿ ಇನ್ನೂ ಒಣಗಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಕಡೆ ಹುಟ್ಟಿದ ಕಂಪನಿ ಸಮುದ್ರದಾಚೆ ಇನ್ನೊಬ್ಬರ ರಾಜ್ಯದಲ್ಲಿ ಅಂಗಡಿ ತೆರೆಯಿತು.

ಆಮೇಲೆ ಬಂತು ಹೆಂಚು. ಗೇಯೋರ್ಗ್ ಪ್ಲೆಬ್ಸ್ಟ್ ಮೊದಲು ಮುದ್ರಣಾಲಯದ ಕೆಲಸಕ್ಕೆಂದು ಬಂದವರು. ನೇತ್ರಾವತಿ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಮಣ್ಣು ನದಿಯ ಬದಿಯಲ್ಲೇ ಇದೆ. ಸುಡುವುದಕ್ಕೆ ಸೌದೆ ಘಟ್ಟದ ಕಡೆಯಿಂದ ಅದೇ ನದಿಯಲ್ಲಿ ತೇಲಿ ಬರುತ್ತದೆ. ಮಾರುವುದಕ್ಕೆ ಬಂದರು, ಮಂಜಿ ಪಕ್ಕದಲ್ಲೇ. ಕೂಲಿಗೆ ಜನ ಕಾದು ಕೂತಿದ್ದಾರೆ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಅಂದ ಹಾಗೆ 'ಮಂಗಳೂರು ಹೆಂಚು' ಅನ್ನುವ ಆ ವಿನ್ಯಾಸದ ಮೂಲ ಮಂಗಳೂರಲ್ಲ. ಒಂದಕ್ಕೊಂದು ಕಚ್ಚಿ ಕೂರುವ ಈ ಬಗೆಯ ಹೆಂಚನ್ನು ಫ್ರಾನ್ಸಿನ ಅಲ್ಸಾಸ್ ಸೀಮೆಯ ಜಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಮಾಡಿಸಿದ್ದರು. ಅಲ್ಸಾಸ್ ಬಾಸೆಲಿಗೆ ಹಿತ್ತಿಲಿದ್ದ ಹಾಗೆ.

ಅಲ್ಲಿಂದ ಮುಂದೆ ಕುದ್ರೋಳಿ, ಮಲ್ಪೆ, ಕೋಝಿಕ್ಕೋಡು, ಪಾಲಕ್ಕಾಡು, ಫೆರೋಕ್ ಅಂತ ಕಾರ್ಖಾನೆಗಳು ಬೆಳೆದವು. ಸ್ಥಳೀಯರೂ ನೋಡಿ ಕಲಿತು ತಮ್ಮದೇ ಹೆಂಚಿನ ಕಾರ್ಖಾನೆ ಹಾಕಿದರು. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲೂ, ಅಂದರೆ ಇಂದಿನ ಘಾನಾದಲ್ಲಿ, ಇದೇ ಕಂಪನಿಯ ವ್ಯಾಪಾರ ಜೋರಾಗಿತ್ತು. ಅಲ್ಲಿಂದ ಕೋಕೋ ಬೀಜ ರಫ್ತು ಶುರುಮಾಡಿದವರಲ್ಲಿ ಇವರೂ ಮೊದಲಿಗರು.

ಕಾರ್ಖಾನೆಯಲ್ಲಿ ಸುಖವೇ ಇತ್ತು ಅಂತ ನಾನು ಹೇಳುವುದಿಲ್ಲ. ಗಂಟೆ ಹೊಡೆದರೆ ಒಳಗೆ, ಗಂಟೆ ಹೊಡೆದರೆ ಹೊರಗೆ. ಮಳೆ ನೋಡಿ ಕೆಲಸ ಮಾಡುತ್ತಿದ್ದವರಿಗೆ ಗಡಿಯಾರ ನೋಡಿ ಕೆಲಸ ಮಾಡುವುದು ಹೊಸ ಶಿಕ್ಷೆ. ಕುಡಿಯುವಂತಿಲ್ಲ, ಭಾನುವಾರ ಇಗರ್ಜಿ ತಪ್ಪಿಸುವಂತಿಲ್ಲ. ಸಂಬಳ ಕೊಡುವವರೂ ಅವರೇ, ನಡತೆ ನೋಡುವವರೂ ಅವರೇ. ಆದರೂ ಒಂದು ತಲೆಮಾರು ಅದರಲ್ಲಿ ಉಂಡಿತು, ಮಕ್ಕಳನ್ನು ಓದಿಸಿತು.

ಇನ್ನು ಕಾನೂನಿಗೆ ಮರಳುತ್ತೇನೆ, ಕಥೆಯ ಮುಳ್ಳು ಅಲ್ಲಿದೆ. 1913ರ ಇಂಡಿಯನ್ ಕಂಪನಿ ಕಾಯಿದೆ 1914ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 277ನೇ ಕಲಮು ಹೊರದೇಶದ ಕಂಪನಿಗಳದ್ದು. ಇಲ್ಲಿ ವ್ಯವಹಾರದ ಸ್ಥಳ ಇದ್ದರೆ ನಿಮ್ಮ ಸನ್ನದಿನ ದೃಢೀಕೃತ ಪ್ರತಿ ಕೊಡಿ, ಅದು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದ ಕೊಡಿ, ಡೈರೆಕ್ಟರುಗಳ ಪಟ್ಟಿ ಕೊಡಿ. ಮತ್ತೆ, ಕೋರ್ಟಿನ ನೋಟೀಸು ಬಂದರೆ ತೆಗೆದುಕೊಳ್ಳುವುದಕ್ಕೆ ಇಲ್ಲೇ ವಾಸ ಇರುವ ಒಬ್ಬನ ಹೆಸರು, ವಿಳಾಸ ಕೊಡಿ. "ನೋಡು, ನಿನ್ನ ಸಿಂಗಪುರದ ಡೈರೆಕ್ಟರನ ಮುತ್ತಜ್ಜ" ಅಂದೆ ಹುಡುಗನಿಗೆ. ಸರಕಾರಕ್ಕೆ ಕಾಗದ ಎಷ್ಟಿದ್ದರೂ ಸಾಲದು, ಹಿಡಿದು ನಿಲ್ಲಿಸುವುದಕ್ಕೆ ಒಂದು ಜೀವ ಬೇಕು.

ಕಾಯಿದೆ ಬಂದು ನಾಲ್ಕು ತಿಂಗಳಿಗೆ ಮಹಾಯುದ್ಧ ಬಂತು.

ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಕೆನರಾ, ಮಲಬಾರುಗಳಲ್ಲಿದ್ದ ಜರ್ಮನ್ ಗಂಡಸರನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು. ಆಮೇಲೆ ಹೆಂಗಸರು ಮಕ್ಕಳ ಸಮೇತ 'ಗೋಲ್ಕೊಂಡ' ಎಂಬ ಹಡಗು ಹತ್ತಿಸಿ ಯುರೋಪಿಗೆ ಅಟ್ಟಿದರು. ಹತ್ತಾರು ವರ್ಷ ಇಲ್ಲಿದ್ದು, ನಮ್ಮ ಭಾಷೆ ಕಲಿತು, ನಮ್ಮ ಮಣ್ಣಿನಲ್ಲಿ ಮಕ್ಕಳನ್ನು ಹೂಳಿದವರೂ ಅವರಲ್ಲಿದ್ದರು.

ಕಂಪನಿಯ ಗತಿ? ಬಾಸೆಲಿನವರ ವಾದ ನೇರವಾಗಿತ್ತು. ನಮ್ಮದು ಸ್ವಿಸ್ ಕಂಪನಿ, ನಮ್ಮ ದೇಶ ಯಾವ ಪಕ್ಷಕ್ಕೂ ಸೇರಿಲ್ಲ, ಶತ್ರುಗಳಾಗುವುದು ಹೇಗೆ? ಬ್ರಿಟಿಷರು ನೋಡಿದ್ದು ರಿಜಿಸ್ಟರ್ ಪುಸ್ತಕವನ್ನಲ್ಲ, ಆಫೀಸಿನಲ್ಲಿ ಕೂತ ಮುಖಗಳನ್ನು. ಅದೇ ಹೊತ್ತಿಗೆ ಲಂಡನ್ನಿನಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. ಅಲ್ಲೊಂದು ಕಾಂಟಿನೆಂಟಲ್ ಟೈರ್ ಕಂಪನಿ, ಇಂಗ್ಲೆಂಡಿನಲ್ಲೇ ರಿಜಿಸ್ಟರ್ ಆದದ್ದು. ಡೈಮ್ಲರ್ ಕಂಪನಿ ಅದಕ್ಕೆ ಟೈರಿನ ಬಾಕಿ ಕೊಡಬೇಕಿತ್ತು. ಕೊಟ್ಟರೆ ಶತ್ರುವಿನ ಜೊತೆ ವ್ಯವಹಾರ ಮಾಡಿದಂತಾಗುತ್ತದೆ ಅಂತ ಡೈಮ್ಲರ್ ತಕರಾರು ತೆಗೆಯಿತು. ಏಕೆಂದರೆ ಒಂದೇ ಒಂದು ಷೇರು ಬಿಟ್ಟು ಉಳಿದದ್ದೆಲ್ಲ ಜರ್ಮನರ ಕೈಯಲ್ಲಿತ್ತು. ಕೆಳಗಿನ ಕೋರ್ಟು, ರಿಜಿಸ್ಟರ್ ಇಲ್ಲಿಯದು, ಆದ್ದರಿಂದ ಕಂಪನಿ ಇಂಗ್ಲಿಷರದ್ದೇ ಅಂದಿತು. 1916ರಲ್ಲಿ ಲಾರ್ಡ್ಸ್ ಸಭೆ ಅದನ್ನು ಮಗುಚಿ ಹಾಕಿತು. ಕಂಪನಿಯನ್ನು ನಡೆಸುವ ಕೈಗಳು ಶತ್ರುವಿನವಾದರೆ ಕಂಪನಿಯೂ ಶತ್ರುವೇ ಅಂದರು ಹೆಚ್ಚಿನ ನ್ಯಾಯಾಧೀಶರು. ಇವತ್ತಿಗೂ ಕಾನೂನು ಕಾಲೇಜಿನ ಹುಡುಗರು ಈ ಮೊಕದ್ದಮೆಯನ್ನು ಬಾಯಿಪಾಠ ಮಾಡುತ್ತಾರೆ.

ಆದರೆ ಆ ಅಳತೆಗೋಲನ್ನು ಪ್ರಾಮಾಣಿಕವಾಗಿ ಹಿಡಿದರೂ ಬಾಸೆಲಿನ ಕಂಪನಿಯ ಲೆಕ್ಕ ಸಿಕ್ಕಲೇ. ಬಂಡವಾಳ ಸ್ವಿಸ್, ಬೋರ್ಡು ಸ್ವಿಸ್, ದುಡಿಯುವ ಸಾಹೇಬರು ಹೆಚ್ಚಾಗಿ ಜರ್ಮನರು. 1851ರಲ್ಲಿ ವಿಂಟರ್‌ಥೂರ್ ಮತ್ತು ಮುಂಬಯಿ ಎರಡೂ ಕಡೆ ಒಟ್ಟಿಗೇ ಶುರುವಾದ ಫೋಲ್ಕಾರ್ಟ್ ಸಹೋದರರ ಕಂಪನಿಯೂ ಸ್ವಿಸ್ಸೇ. ಅದು ಯುದ್ಧ ದಾಟಿ ಉಳಿಯಿತು, 1954ರಲ್ಲಿ ಟಾಟಾ ಜೊತೆ ಸೇರಿ ವೋಲ್ಟಾಸ್ ಕಟ್ಟಿತು. ಬಾಸೆಲಿನವರು ಉಳಿಯಲಿಲ್ಲ. ನನಗನ್ನಿಸುವುದು, ಅವರಿಗೆ ಮುಳುವಾದದ್ದು ವ್ಯಾಪಾರವಲ್ಲ, ವ್ಯಾಪಾರದ ಬೆನ್ನಿಗಿದ್ದ ಮಿಷನ್ನು. ಅರವತ್ತು ವರ್ಷ ಯಾವ ನಂಟು ಅವರಿಗೆ ಬಲವಾಗಿತ್ತೋ ಅದೇ ಕುತ್ತಿಗೆಗೆ ಬಂತು. 1917ರಲ್ಲಿ ಕಂಪನಿಯೂ ಮಿಷನ್ನೂ ಕಾನೂನಿನಲ್ಲಿ ಬೇರೆಬೇರೆಯಾದವು. ಅಷ್ಟರಲ್ಲಿ ತಡವಾಗಿತ್ತು. ಗೋಲ್ಡ್ ಕೋಸ್ಟಿನಲ್ಲಿ 1917-18ರಲ್ಲಿ ಅವರನ್ನು ಹೊರಹಾಕಿ ಆಸ್ತಿ ವಶಪಡಿಸಿಕೊಂಡರು. ಯುದ್ಧ ಮುಗಿದ ಮೇಲೆ ಇಲ್ಲಿನ ಹೆಂಚಿನ, ನೇಯ್ಗೆಯ ಕಾರ್ಖಾನೆಗಳೂ ಹೋದವು. ಎಲ್ಲವೂ ಸೇರಿದ್ದು ಲಂಡನ್ನಿನಲ್ಲಿ ಇದಕ್ಕೆಂದೇ ಕಟ್ಟಿದ ಹೊಸ ಕಂಪನಿಗೆ. ಅದರ ಹೆಸರು ಕಾಮನ್‌ವೆಲ್ತ್ ಟ್ರಸ್ಟ್ ಲಿಮಿಟೆಡ್. ತಮಾಷೆ ಎಂದರೆ ಅದೂ ಷೇರುದಾರರ ಲಾಭಕ್ಕೆ ಮಿತಿ ಹಾಕಿ, ಮಿಕ್ಕಿದ್ದು ಸ್ಥಳೀಯರ ಒಳಿತಿಗೆ ಅಂದಿತ್ತು. ಕಿತ್ತುಕೊಂಡವರು ಕರಾರನ್ನೂ ಕಾಪಿ ಹೊಡೆದಿದ್ದರು!

ಜೆಪ್ಪುವಿನ ಕೆಲಸಗಾರನಿಗೆ ಏನಾಯಿತು? ಅವನು ಮಾರನೆಯ ದಿನವೂ ಗಂಟೆಗೆ ಸರಿಯಾಗಿ ಒಳಗೆ ಹೋಗಿರುತ್ತಾನೆ. ಅದೇ ಮಣ್ಣು, ಅದೇ ಗೂಡು, ಅದೇ ಬಿಸಿ. ಅಚ್ಚಿನಲ್ಲಿ ಅಕ್ಷರ ಮಾತ್ರ ಬೇರೆ. ನಮ್ಮ ಅಜ್ಜನ ಅಪ್ಪ ಮನೆಯ ಮುಂಭಾಗ ಕಟ್ಟಿಸಿದ್ದು ಮೊದಲು, ಚಾವಡಿ ಕಟ್ಟಿಸಿದ್ದು ಯುದ್ಧ ಮುಗಿದ ಮೇಲೆ. ಎರಡು ಹೆಸರಿನ ಹೆಂಚು ಒಂದೇ ಮಾಡಿಗೆ ಬಂದದ್ದು ಹಾಗೆ. ಅವರು ಹೆಸರು ಓದಿರಲಿಕ್ಕಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಹುಡುಗ ಎಲ್ಲ ಕೇಳಿಸಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾವ, ಆ ಸಿಂಗಪುರದ ಡೈರೆಕ್ಟರ್ ಯಾರು, ಎಂಥ ಜನ ಅಂತ ನಾವು ಕೇಳಲೇ ಇಲ್ಲ. ಏಜೆಂಟು ಒಂದು ಹೆಸರು ಕಳಿಸಿದ್ದ, ಓಕೆ ಅಂದುಬಿಟ್ಟೆವು" ಅಂದ. ಫೋನ್ ಹಿಡಿದು ತೋಟದ ಕಡೆ ಹೋದ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

ಹೆಂಚು ಕೊಳ್ಳುವವನು ಸಂಜೆಗೆ ಟೆಂಪೋ ತಂದ. ಅವನು ಹೆಸರು ನೋಡಲಿಲ್ಲ, ಒಡಕು ಇದೆಯೇ ಅಂತ ಬೆರಳಿನಿಂದ ತಟ್ಟಿ ತಟ್ಟಿ ಕೇಳಿದ, ಎಣಿಸಿ ದುಡ್ಡು ಕೊಟ್ಟ. ನಾನು ಎರಡನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಕಂಡಕ್ಟರ್ "ಇದೆಂತ ಸಾರ್ ಇಷ್ಟು ಭಾರ?" ಅಂತ ಕೇಳಿದ.