ಅಮೀರ್‌ಪೇಟೆ: ಬಾಡಿಗೆ ಕೋಣೆಗಳ ಚರಿತ್ರೆ

ಊರಿನಿಂದ ನೆಂಟರು ಬಂದರೆ ಹೈದರಾಬಾದಿನ ನಾವು ಅವರನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದು ದಿನ ಚಾರ್‌ಮಿನಾರ್ ಮತ್ತು ಸಾಲಾರ್‌ಜಂಗ್ ಮ್ಯೂಸಿಯಂ, ಮರುದಿನ ಗೋಲ್ಕೊಂಡ, ಮಕ್ಕಳಿದ್ದರೆ ಮೃಗಾಲಯ. ಅಮೀರ್‌ಪೇಟೆಯನ್ನು ತೋರಿಸಲೆಂದು ಯಾರೂ ಯಾರನ್ನೂ ಕರೆದೊಯ್ದ ಉದಾಹರಣೆಯಿಲ್ಲ. ಅಲ್ಲಿಗೆ ಹೋಗುವುದು ಬಟ್ಟೆ ಕೊಳ್ಳಲು, ಮೆಟ್ರೋ ಬದಲಿಸಲು, ಇಲ್ಲವೇ ಊರಿನಿಂದ ಬಂದ ಹುಡುಗನಿಗೆ ಹಾಸ್ಟೆಲ್ ಹುಡುಕಲು. ಆದರೂ ಓದುಗರು ಒಂದು ಸಂಜೆ ಬಿಡುವು ಮಾಡಿಕೊಂಡು ಈ ಲೇಖಕನೊಡನೆ ಅಲ್ಲಿ ನಡೆಯಬೇಕೆಂದು ಕೋರಿಕೆ. ಐದೂವರೆಗೆ ಅಮೀರ್‌ಪೇಟೆ ಮೆಟ್ರೋ ನಿಲ್ದಾಣದ ಕೆಳಗೆ ಸೇರೋಣ. ಅಲ್ಲಿಂದ ಸಾರಥಿ ಸ್ಟುಡಿಯೋ ದಾರಿ ಹಿಡಿದು ಯೂಸುಫ್‌ಗುಡ, ಕೃಷ್ಣಾನಗರದವರೆಗೆ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ಆತುರವಿಲ್ಲದೆ ನಡೆದರೆ ಎಂಟೂವರೆಗೆಲ್ಲ ಮುಗಿಯುತ್ತದೆ.

ಪ್ಯಾರಿಸ್ಸಿನಲ್ಲಿ ಮಾಂಟ್‌ಮಾರ್ತ್ರ್ ಎಂಬ ಗುಡ್ಡದ ಬಡಾವಣೆಯಿದೆ. ಅಲ್ಲಿನ ಮುರುಕು ಮರದ ಕಟ್ಟಡವೊಂದರಲ್ಲಿ 1904ರಿಂದ 1909ರವರೆಗೆ ಪಿಕಾಸೋ ಬಾಡಿಗೆಗಿದ್ದ. ಇಂದು ಆ ಬೀದಿಗಳನ್ನು ತೋರಿಸಲು ಮಾರ್ಗದರ್ಶಿಗಳಿದ್ದಾರೆ, ಪ್ರವಾಸಿಗರು ಹಣ ಕೊಟ್ಟು ಅವರ ಹಿಂದೆ ನಡೆಯುತ್ತಾರೆ. ಕೈಯಲ್ಲಿ ಕಾಸಿಲ್ಲದೆ ಕಲೆಯ ಹಂಬಲವೊಂದನ್ನೇ ನೆಚ್ಚಿ ಬದುಕುವವರನ್ನು ಫ್ರೆಂಚರು ‘ಬೊಹೀಮಿಯನ್’ ಎಂದರು. ಅಲೆಮಾರಿಗಳೆಲ್ಲ ಬೊಹೀಮಿಯ ಸೀಮೆಯಿಂದ ಬಂದವರೆಂಬ ಅವರ ತಪ್ಪು ತಿಳುವಳಿಕೆಯಿಂದ ಹುಟ್ಟಿದ ಮಾತದು. ಅಂಥ ಜನ ನಮ್ಮ ನಗರದಲ್ಲಿಯೂ ಇದ್ದಾರೆ, ಅವರಿಗೊಂದು ಪೇಟೆಯೂ ಇದೆ. ಆದರೆ ಅದರ ಚರಿತ್ರೆಯನ್ನು ಹೇಳುವ ಫಲಕ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಮೊದಲು ಹೆಸರಿನ ವಿಚಾರ. ನಮ್ಮವರ ಬಾಯಲ್ಲಿ ಸಲೀಸಾಗಿ ‘ಅಮೀರ್‌ಪೇಟೆ’ಯಾಗಿರುವ ಅಮೀರ್‌ಪೇಟ್ ಪಾಯ್ಗಾ ಮನೆತನಕ್ಕೆ ಸೇರಿದ ಪ್ರದೇಶವಾಗಿತ್ತು. ಆ ಮನೆತನದವರಿಗಿದ್ದ ‘ಅಮೀರ್-ಎ-ಕಬೀರ್’ ಎಂಬ ಬಿರುದಿನ ಮೊದಲ ಪದವೇ ಪೇಟೆಯ ಹೆಸರಾಯಿತು. ನಿಜಾಮನನ್ನು ಬಿಟ್ಟರೆ ರಾಜ್ಯದಲ್ಲಿ ಇವರಿಗಿಂತ ದೊಡ್ಡವರಿರಲಿಲ್ಲ. ಫಲಕ್‌ನುಮಾ ಅರಮನೆಯನ್ನು ಕಟ್ಟಿಸಿದ ವಿಕಾರ್-ಉಲ್-ಉಮ್ರಾ ಇದೇ ಮನೆತನದ ಒಂದು ಶಾಖೆಯವರು. ನಿಜಾಮನ ಮನೆಯಿಂದ ಇವರ ಮನೆಗೆ ಸೊಸೆಯಾಗಿ ಬಂದ ಬಷೀರುನ್ನಿಸಾ ಬೇಗಂ ಹೆಸರೇ ಪಕ್ಕದ ಬೇಗಂಪೇಟೆಗೆ ನಿಂತಿತು. ‘ಪಾಯ್ಗಾ’ ಎಂಬ ಪದ ನಮಗೆ ಹೊರಗಿನದೇನಲ್ಲ. ಉತ್ತರ ಕರ್ನಾಟಕದ ಹಿರಿಯರು ಕುದುರೆ ಲಾಯಕ್ಕೆ ‘ಪಾಗಾ’ ಎನ್ನುತ್ತಿದ್ದರಲ್ಲ, ಎರಡೂ ಒಂದೇ ಪಾರಸಿ ಮೂಲದವು. ನಿಜಾಮನಿಗಾಗಿ ಕುದುರೆ ಪಡೆ ಸಾಕುವುದು ಈ ಮನೆತನದ ಹೊಣೆ. ಅದರ ಖರ್ಚಿಗೆಂದು ಬಿಟ್ಟುಕೊಟ್ಟ ಭೂಮಿಯೇ ಪಾಯ್ಗಾ ಜಹಗೀರು.

ಆ ಭೂಮಿ ಎಲ್ಲೆಲ್ಲಿತ್ತು ಎಂಬುದು ನಮಗೆ ಮುಖ್ಯ. ಕಲಬುರಗಿ ಕಡೆಯ ಆಳಂದ, ಬೀದರ್ ಕಡೆಯ ಚಿಟಗುಪ್ಪ ಎರಡೂ ಪಾಯ್ಗಾ ತಾಲ್ಲೂಕುಗಳಾಗಿದ್ದವು. ಆಳಂದದ ರೈತ ಕಟ್ಟಿದ ಕಂದಾಯವೂ ಅಮೀರ್‌ಪೇಟೆಯ ತೋಟದ ಉತ್ಪನ್ನವೂ ಶಾಖೆ ಬೇರೆಯಾದರೂ ಒಂದೇ ಮನೆತನಕ್ಕೆ ಸಲ್ಲುತ್ತಿದ್ದವು. ನಮ್ಮ ಸದಸ್ಯರಲ್ಲಿ ಆ ಕಡೆಯವರು ಇದ್ದೇ ಇರುತ್ತಾರೆ. ಅವರ ತಾತ ಮುತ್ತಾತಂದಿರು ಅಮೀರ್‌ಪೇಟೆಯನ್ನು ಕಣ್ಣಿಂದ ನೋಡದಿದ್ದರೂ ಅದರ ಒಡೆಯರ ಮನೆತನಕ್ಕೆ ತೆರಿಗೆ ತೆತ್ತವರು! 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ ಜಹಗೀರುಗಳು ರದ್ದಾದವು. ಒಡೆತನ ಕರಗಿದ ಕಡೆ ತೋಟಗಳು ನಿವೇಶನಗಳಾದವು, ನಿವೇಶನಗಳು ಮನೆಗಳಾದವು, ಮನೆಗಳ ಹಿಂದೆ ಒಂದೊಂದೇ ಬಾಡಿಗೆ ಕೋಣೆ ಎದ್ದಿತು. ಪೇಟೆಯ ಈಗಿನ ಸ್ವರೂಪ ಶುರುವಾದದ್ದು ಅಲ್ಲಿಂದ.

1956ರ ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವದ ದಿನ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆ ದಿನ ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ಉದ್ಯೋಗ, ವಕೀಲಿ, ವ್ಯಾಪಾರಗಳಿಗಾಗಿ ರಾಜಧಾನಿಯಲ್ಲಿ ನೆಲೆಸಿದ್ದ ಆ ಜಿಲ್ಲೆಗಳ ಕನ್ನಡಿಗರು ಇದ್ದಲ್ಲೇ ಇದ್ದು ಪರರಾಜ್ಯದವರಾದರು. ಇನ್ನೊಂದು ಬದಿಯಲ್ಲಿ, ಹೈದರಾಬಾದು ತೆಲುಗು ನಾಡಿನ ರಾಜಧಾನಿಯಾದದ್ದೂ ಅದೇ ದಿನವೇ. ಮದರಾಸಿನಲ್ಲಿದ್ದ ತೆಲುಗು ಚಿತ್ರರಂಗಕ್ಕೆ ‘ನಮ್ಮ ಊರಿಗೆ ಬನ್ನಿ’ ಎಂಬ ಕರೆ ಹೋಗತೊಡಗಿತು. ಒಂದೇ ದಿನಾಂಕ ಒಬ್ಬರನ್ನು ಮನೆಗೆ ಕರೆಯಿತು, ಇನ್ನೊಬ್ಬರನ್ನು ಮನೆಯೊಳಗೇ ಅತಿಥಿಯಾಗಿಸಿತು. ಇದನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ನೆನೆಯುವುದು ಕಡಿಮೆ.

ಇಷ್ಟು ಹಿನ್ನೆಲೆಯೊಡನೆ ಹೆಜ್ಜೆ ಹಾಕೋಣ. ನಿಲ್ದಾಣದ ಕೆಳಗೆ ನಿಂತರೆ ಎರಡು ಮಾರ್ಗಗಳು ತಲೆಯ ಮೇಲೆ ಒಂದನ್ನೊಂದು ದಾಟುತ್ತವೆ. ಮೊದಲ ರೈಲು ಓಡಿದ್ದು 2017ರ ನವೆಂಬರಿನಲ್ಲಿ. ಆಚೆ ಸತ್ಯಂ ಚಿತ್ರಮಂದಿರವಿತ್ತು. ‘ಸತ್ಯಂ ಟಾಕೀಸಿನ ಹತ್ತಿರ’ ಎಂದರೆ ಸಾಕು, ಆಟೋದವರು ಮರುಮಾತಿಲ್ಲದೆ ತಂದು ಬಿಡುತ್ತಿದ್ದ ಕಾಲವದು. ಅದನ್ನು ಕೆಡವಿ ಕಟ್ಟಿದ ಸಂಕೀರ್ಣದಲ್ಲಿ 2023ರ ಜೂನಿನಿಂದ ಹೊಸ ಚಿತ್ರಮಂದಿರಗಳು ನಡೆಯುತ್ತಿವೆ.

ಭಕ್ತಿಯುಳ್ಳವರು ಇಲ್ಲಿಂದ ಬಲ್ಕಂಪೇಟೆಗೆ ಹೋಗಿ ಬರಬಹುದು. ಸವದತ್ತಿಯ ಎಲ್ಲಮ್ಮನನ್ನು ಬಲ್ಲ ನಮಗೆ ಇಲ್ಲಿನ ಎಲ್ಲಮ್ಮ ಬೇರೆಯಾಗಿ ಕಾಣುತ್ತಾಳೆ. ನೆಲಮಟ್ಟಕ್ಕಿಂತ ಕೆಳಗೆ, ಬಾವಿಯ ನೀರಿನ ಸೆಲೆಯಲ್ಲಿ ಮಲಗಿದ ಮೂರ್ತಿ ಅದು. ಆ ನೀರೇ ತೀರ್ಥ. ಆಷಾಢದ ಕಲ್ಯಾಣೋತ್ಸವಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಅಮೀರರೂ ಸ್ಟುಡಿಯೋಗಳೂ ಇಲ್ಲದ ದಿನಗಳಲ್ಲಿ ಇಲ್ಲೆಲ್ಲ ಹಳ್ಳಿಗಳಿದ್ದವೆಂಬುದಕ್ಕೆ ಉಳಿದಿರುವ ಸಾಕ್ಷಿ ಈ ತಾಯಿ.

ನಿಲ್ದಾಣದ ಇನ್ನೊಂದು ಬದಿಗೆ ಮೈತ್ರಿವನಂ. ಸಂಜೆ ಆರಕ್ಕೆ ಇಲ್ಲಿಯ ಗಲ್ಲಿಗಳನ್ನು ನೋಡಬೇಕು. ಆಕಾಶ ಕಾಣದಷ್ಟು ಬೋರ್ಡುಗಳು, ಎಲ್ಲದರಲ್ಲೂ ಕಂಪ್ಯೂಟರ್ ಭಾಷೆಗಳ ಹೆಸರು. ಉಚಿತ ಡೆಮೊ ತರಗತಿಗೆ ಬನ್ನಿರೆಂದು ಚೀಟಿ ಹಿಡಿದು ನಿಂತ ಹುಡುಗರು, ಜೆರಾಕ್ಸ್ ಅಂಗಡಿಗಳಲ್ಲಿ ನೋಟ್ಸಿನ ಕಟ್ಟುಗಳು, ತಳ್ಳುಗಾಡಿಯ ಸುತ್ತ ತಟ್ಟೆ ಹಿಡಿದವರ ಗುಂಪು. ಸಹಸ್ರಮಾನ ಬದಲಾಗುವಾಗ ಕಂಪ್ಯೂಟರುಗಳು 2000ವನ್ನು 1900 ಎಂದು ಓದಿಯಾವೆಂಬ ಭೀತಿ ಅಮೆರಿಕದಲ್ಲಿ ಹುಟ್ಟಿದ್ದೇ ತಡ, ಹಳೆಯ ಕಾಬೋಲ್ ಭಾಷೆ ಬಲ್ಲವರಿಗೆ ಬೇಡಿಕೆ ಬಂತು. 1998ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಪದವಿ ಇದ್ದೂ ಕೆಲಸವಿಲ್ಲದ ತರುಣರು ಜಿಲ್ಲೆ ಜಿಲ್ಲೆಗಳಿಂದ ಇಲ್ಲಿಗೆ ಹರಿದು ಬಂದರು. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದು 150ರ ಒಳಗೆ. ಆ ಹುಡುಗ ಎಲ್ಲಿಗೆ ಹೋಗಬೇಕೆಂಬುದನ್ನು ಸಂಸ್ಕೃತಿಗಿಂತ ಬಸ್ ಚಾರ್ಜೇ ತೀರ್ಮಾನಿಸುತ್ತದೆ.

ಇವರು ಬೊಹೀಮಿಯನ್ನರೇ ಎಂದು ಕೆಲವರು ಕೇಳಬಹುದು. ಇವರು ಕವಿತೆ ಬರೆಯುವವರಲ್ಲ, ಚಿತ್ರ ಬಿಡಿಸುವವರಲ್ಲ, ನಿಜ. ಆದರೆ ಒಂದು ಕೋಣೆಯಲ್ಲಿ ನಾಲ್ಕು ಮಂಚ, ತಿಂಗಳ ಕೊನೆಯಲ್ಲಿ ಒಂದೇ ಹೊತ್ತಿನ ಊಟ, ಮನೆಗೆ ಫೋನು ಮಾಡಿದಾಗ ‘ಎಲ್ಲ ಚೆನ್ನಾಗಿದೆಯಮ್ಮ’ ಎನ್ನುವ ಸುಳ್ಳು, ಇವುಗಳಲ್ಲಿ ಪ್ಯಾರಿಸ್ಸಿಗೂ ಅಮೀರ್‌ಪೇಟೆಗೂ ಅಂತರ ಕಡಿಮೆ. 2020ರ ಸಾಂಕ್ರಾಮಿಕದಲ್ಲಿ ತರಗತಿಗಳು ಮೊಬೈಲಿಗೆ ಹೊರಳಿದವು, ಹಾಸ್ಟೆಲುಗಳು ಖಾಲಿಯಾದವು. ಜನ ಮತ್ತೆ ಬಂದರು. ಹಾಗೆಂದು ಮನೆಯಲ್ಲೇ ಕುಳಿತು ಕಲಿಯುವ ರೂಢಿ ಹೋಗಲಿಲ್ಲ.

ಇನ್ನು ಪಶ್ಚಿಮಕ್ಕೆ ತಿರುಗಿ ಎಲ್ಲಾರೆಡ್ಡಿಗುಡದ ಕಡೆ ನಡೆದರೆ ಸಾರಥಿ ಸ್ಟುಡಿಯೋದ ಗೇಟು. ಈ ನಡಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳವೆಂದರೆ ಇದೇ. ಕೃಷ್ಣಾ ಜಿಲ್ಲೆಯ ಚಲ್ಲಪಲ್ಲಿಯ ರಾಜಾ ಯಾರ್ಲಗಡ್ಡ ಶಿವರಾಮ ಪ್ರಸಾದರು ಇದನ್ನು ಐವತ್ತರ ದಶಕದ ಕೊನೆಯಲ್ಲಿ ಕಟ್ಟಿಸಿದರು. ಹೈದರಾಬಾದಿಗೆ ಇದೇ ಮೊದಲ ಸ್ಟುಡಿಯೋ. ಜಮೀನ್ದಾರಿಯನ್ನು ಖಂಡಿಸಿದ ‘ರೈತುಬಿಡ್ಡ’ (1939) ಚಿತ್ರಕ್ಕೆ ಬಂಡವಾಳ ಹಾಕಿದ್ದೂ ಸ್ವತಃ ಜಮೀನ್ದಾರರಾದ ಇವರೇ. ಚರಿತ್ರೆಗೆ ಹಾಸ್ಯಪ್ರಜ್ಞೆ ಇದೆಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. 1959ರಲ್ಲಿ ತೆರೆಕಂಡ ‘ಮಾ ಇಂಟಿ ಮಹಾಲಕ್ಷ್ಮಿ’ ಪೂರ್ತಿಯಾಗಿ ಹೈದರಾಬಾದಿನಲ್ಲೇ ಚಿತ್ರೀಕರಣವಾದ ಮೊದಲ ತೆಲುಗು ಚಿತ್ರ.

ಆದರೆ ಸ್ಟುಡಿಯೋ ಕಟ್ಟಿದ ಮಾತ್ರಕ್ಕೆ ಚಿತ್ರರಂಗ ಬರುವುದಿಲ್ಲ. ಲ್ಯಾಬೊರೇಟರಿ, ಸಂಕಲನಕಾರ, ವಾದ್ಯವೃಂದ, ಸೆಟ್ಟು ಹಾಕುವ ಬಡಗಿ, ಎಲ್ಲರೂ ಮದರಾಸಿನ ಕೋಡಂಬಾಕ್ಕಂ, ವಡಪಳನಿಯಲ್ಲಿದ್ದರು. ಅಕ್ಕಿನೇನಿ ನಾಗೇಶ್ವರರಾವ್ ಅರವತ್ತರ ದಶಕದಲ್ಲೇ ಇಲ್ಲಿಗೆ ಬಂದು ನೆಲೆಸಿದರು. 1976ರ ಸಂಕ್ರಾಂತಿಗೆ ಅವರ ಅನ್ನಪೂರ್ಣ ಸ್ಟುಡಿಯೋ ಬಂಜಾರಾ ಹಿಲ್ಸಿನಲ್ಲಿ ತೆರೆಯಿತು. ಉಳಿದವರು ಬಂದು ಸೇರಲು ಮತ್ತೂ ಒಂದೂವರೆ ದಶಕ ಹಿಡಿಯಿತು. ನಮ್ಮ ಕನ್ನಡ ಚಿತ್ರರಂಗದ ಕಥೆಯೂ ಇದೇ ತಾನೆ? ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ಮದರಾಸಿನ ಆಸರೆ. ಬೆಂಗಳೂರಿನ ಕಂಠೀರವ ಸ್ಟುಡಿಯೋ ಹುಟ್ಟಿದ್ದು 1966ರಲ್ಲಿ. ವಡಪಳನಿಯಲ್ಲಿ ಕನ್ನಡದವರೂ ತೆಲುಗರೂ ಅಕ್ಕಪಕ್ಕದ ಬಾಡಿಗೆದಾರರು.

ಇದರ ಮಗ್ಗುಲಲ್ಲೇ ಇನ್ನೊಂದು ಕಥೆಯಿದೆ. ಕರ್ನಾಟಕ ಕರಾವಳಿ ಮೂಲದ ಕೊಂಕಣಿ ಮನೆತನದಲ್ಲಿ, 1934ರಲ್ಲಿ ಇಲ್ಲಿಯೇ ತಿರುಮಲಗಿರಿಯಲ್ಲಿ ಹುಟ್ಟಿದ ಶ್ಯಾಮ್ ಬೆನಗಲ್ ವಿದ್ಯಾರ್ಥಿಯಾಗಿದ್ದಾಗಲೇ ಹೈದರಾಬಾದ್ ಫಿಲಂ ಸೊಸೈಟಿ ಕಟ್ಟಿದವರು. 1974ರ ಅವರ ‘ಅಂಕುರ್’ ಚಿತ್ರದಲ್ಲಿ ನಮ್ಮ ಅನಂತನಾಗ್ ಮತ್ತು ಶಬಾನಾ ಆಜ್ಮಿ ಈ ಸೀಮೆಯ ಕಥೆಯಲ್ಲಿ ಅಭಿನಯಿಸಿದರು, ಪಾತ್ರಗಳು ಈ ಸೀಮೆಯ ದಖನಿ ಆಡಿದವು. ಅದಕ್ಕೆ ದೊಡ್ಡ ಸೆಟ್ಟುಗಳೇ ಬೇಕಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಬೆನಗಲ್ ತೀರಿಕೊಂಡರು.

ಸಾರಥಿಯಿಂದ ಮುಂದೆ ಯೂಸುಫ್‌ಗುಡ ಬೇಗ ಮುಗಿಯುತ್ತದೆ. ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆ 1962ರಲ್ಲಿ ದೆಹಲಿಯಿಂದ ಇಲ್ಲಿಗೆ ಬಂತು. ಅದನ್ನೂ ಪೊಲೀಸ್ ಬೆಟಾಲಿಯನ್ ಮೈದಾನವನ್ನೂ ಬಿಟ್ಟರೆ ನಿಲ್ಲಿಸುವಂಥದ್ದು ಹೆಚ್ಚಿಲ್ಲ. ನಂತರದ್ದು ಕೃಷ್ಣಾನಗರ.

ಹೊತ್ತು ಏಳೂವರೆಯಾಗಿರುತ್ತದೆ. ಇಕ್ಕಟ್ಟಾದ ಗಲ್ಲಿಗಳು, ಒಂದರ ಮೇಲೊಂದು ಕೋಣೆ ಪೇರಿಸಿದಂಥ ಮನೆಗಳು. ಪೊಲೀಸ್ ಉಡುಪಿನಿಂದ ಪುರಾಣದ ಕಿರೀಟದವರೆಗೆ ಬಾಡಿಗೆಗೆ ಕೊಡುವ ಅಂಗಡಿಗಳು, ಅವಕಾಶ ಕೇಳಲು ಬೇಕಾದ ಭಾವಚಿತ್ರ ತೆಗೆಯುವ ಸ್ಟುಡಿಯೋಗಳು. ಬೆಂಗಳೂರಿನ ಗಾಂಧಿನಗರದ ಹೋಟೆಲುಗಳಲ್ಲಿ ಅರ್ಧ ಟೀ ಮುಂದಿಟ್ಟುಕೊಂಡು ನಿರ್ಮಾಪಕರಿಗಾಗಿ ಕಾದವರನ್ನು ಕಂಡವರಿಗೆ ಇಲ್ಲಿನ ಮುಖಗಳ ಪರಿಚಯ ತಾನಾಗಿ ಆಗುತ್ತದೆ. ಸಹಾಯಕ ನಿರ್ದೇಶಕರು, ಗುಂಪಿನ ದೃಶ್ಯದಲ್ಲಿ ನಿಲ್ಲುವ ಜೂನಿಯರ್ ಕಲಾವಿದರು, ಲೈಟು ಹೊರುವವರು, ನೃತ್ಯದ ಹುಡುಗಿಯರು ಸಂಜೆಯ ಹೊತ್ತು ನಾಳೆಯ ಕಾಲ್‌ಶೀಟಿನ ಸುದ್ದಿಗೆ ಕಾದಿರುತ್ತಾರೆ. ಹೆಸರು ಬಂದವರು ಕೋಳಿ ಕೂಗುವ ಹೊತ್ತಿಗೆ ಕೂಡುರಸ್ತೆಯಲ್ಲಿ ನಿಂತು ಕಂಪನಿಯ ವ್ಯಾನು ಹತ್ತುತ್ತಾರೆ. ತೆಲುಗರಲ್ಲಿ ‘ಕೃಷ್ಣಾನಗರ್ ಕಷ್ಟಾಲು’ ಎಂಬುದೊಂದು ನುಡಿಗಟ್ಟೇ ಆಗಿದೆ. ಗೆದ್ದವರು ಸಂದರ್ಶನಗಳಲ್ಲಿ ಅದನ್ನು ನೆನೆಯುತ್ತಾರೆ, ಗೆಲ್ಲದವರನ್ನು ಯಾರೂ ಸಂದರ್ಶಿಸುವುದಿಲ್ಲ.

2020ರ ಮಾರ್ಚಿನಲ್ಲಿ ಚಿತ್ರೀಕರಣ ನಿಂತಾಗ ದಿನಗೂಲಿಯವರ ಒಲೆಯೂ ನಿಂತಿತು. ಚಿರಂಜೀವಿ ಮುಂತಾದವರು ನಿಧಿ ಕೂಡಿಸಿ ದಿನಸಿ ಹಂಚಿದರು. 2025ರ ಆಗಸ್ಟಿನಲ್ಲಿ ಇದೇ ಕಾರ್ಮಿಕರು ಕೂಲಿಯನ್ನು ಶೇಕಡ 30ರಷ್ಟು ಏರಿಸಬೇಕೆಂದು ಎರಡು ವಾರಕ್ಕೂ ಮೀರಿ ಕೆಲಸ ನಿಲ್ಲಿಸಿದರು. ನಟ ಪ್ರಭಾಕರ ರೆಡ್ಡಿಯವರ ಹೆಸರಿನಲ್ಲಿ ಮಣಿಕೊಂಡದ ಬಳಿ ಚಿತ್ರಪುರಿ ಕಾಲೊನಿ ಎದ್ದಿದೆ, ಕೆಲವರಿಗೆ ಸ್ವಂತ ಮನೆಯಾಗಿದೆ. ಕೃಷ್ಣಾನಗರದ ಕೋಣೆಗಳಿಗೆ ಮಾತ್ರ ಹೊಸ ಬಾಡಿಗೆದಾರರು ಬರುತ್ತಲೇ ಇದ್ದಾರೆ.

ಕಾಚಿಗುಡದಲ್ಲಿ ನಮ್ಮ ಹಿರಿಯರು ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದರು, ನೃಪತುಂಗನ ಹೆಸರಿನ ಶಾಲೆ ನಡೆಸಿದರು. ಅವರ ಚರಿತ್ರೆಗೆ ಕಟ್ಟಡವಿದೆ, ದಾಖಲೆಯಿದೆ. ಅಮೀರ್‌ಪೇಟೆಯ ಸುತ್ತ ಬಾಡಿಗೆಗಿದ್ದು, ಕಲಿತು, ಕೆಲಸ ಸಿಕ್ಕೊಡನೆ ಗಚ್ಚಿಬೌಲಿಗೋ ವಿದೇಶಕ್ಕೋ ಹೋದ ಕನ್ನಡದ ಮಕ್ಕಳದ್ದು ಒಂದು ಗೋಡೆಯ ಮೇಲೂ ಉಳಿದಿಲ್ಲ. ಬಾಡಿಗೆ ರಸೀದಿ, ಹಾಸ್ಟೆಲಿನ ಮೆಸ್ ಕಾರ್ಡು, ಗೆಳೆಯರೊಡನೆ ತೆಗೆಸಿದ ಫೋಟೋ, ಊರಿಗೆ ಬರೆದ ಕಾಗದ, ಇಂಥವು ಯಾರಲ್ಲಾದರೂ ಇದ್ದರೆ ಹಳೆಯ ಪೇಪರಿನವನಿಗೆ ಹಾಕುವ ಮುನ್ನ ನಮ್ಮ ಸಂಘಕ್ಕೆ ಒಮ್ಮೆ ತೋರಿಸಬೇಕು. ಸ್ಟುಡಿಯೋಗಳಲ್ಲಿ ದುಡಿದ ನಮ್ಮವರಿದ್ದರೆ ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ಇನ್ನೂ ತುರ್ತಿನದು, ಆ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ.

ಕಾಲು ಸೋತವರು ಹಿಂತಿರುಗಲು ಯೂಸುಫ್‌ಗುಡ ನಿಲ್ದಾಣದಲ್ಲಿ ಮೆಟ್ರೋ ಹತ್ತಬಹುದು. ನಡುವೆ ಮಧುರಾನಗರ, ಅದರ ಮುಂದಿನದೇ ಅಮೀರ್‌ಪೇಟೆ. ಎಡಬಲದ ಕಿಟಕಿಗಳಿಂದ ನೋಡಿದರೆ ಮಹಡಿಗಳ ಮೇಲಿನ ಕೋಣೆಗಳಲ್ಲಿ ದೀಪ ಹತ್ತಿರುತ್ತದೆ, ತಂತಿಯ ಮೇಲೆ ನಾಳೆಗೆ ಬೇಕಾದ ಒಂದೇ ಒಂದು ಒಳ್ಳೆಯ ಅಂಗಿ ಒಣಗುತ್ತಿರುತ್ತದೆ.