ಖಾನಾಪುರದ ಹಂಚು, ಬೆಳಗಾವಿಯ ತಂಪು

ಸಹ್ಯಾದ್ರಿಯ ಮೂಡಣ ಇಳುಕಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ ನೆಲಸಿದ, ‘ಬಡವರ ಮಹಾಬಳೇಶ್ವರ’ವೆಂದು ಹಿರಿಯರು ಅಭಿಮಾನದಿಂದ ಕರೆದ ಬೆಳಗಾವಿಯಲ್ಲಿಯೂ ಈಗ ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ, ಗೋಡೆಗಳ ಮೇಲೆ ಏಸಿಗಳು ಹಗಲಿರುಳೂ ಓಡುತ್ತಿರುತ್ತವೆ; ಅದರ ಜೊತೆಯಲ್ಲಿಯೇ, ಏಸಿ ಓಡುತ್ತಿದೆ, ಕೋಣೆ ಮಾತ್ರ ತಣಿಯುತ್ತಿಲ್ಲ ಎಂಬ ದೂರೂ ಮನೆಮನೆಯಲ್ಲಿ ಕೇಳಿಬರುತ್ತದೆ. ಈ ದೂರಿನ ಪರಿಹಾರವನ್ನು ಯಂತ್ರದೊಳಗೆ ಮಾತ್ರ ಹುಡುಕುವುದು ಸಾಲದೆಂದು ನನ್ನ ನಂಬಿಕೆ. ಯಂತ್ರವಿಲ್ಲದ ಕಾಲದಲ್ಲಿ ಈ ಸೀಮೆಯ ಜನ ತಮ್ಮ ಮನೆಗಳನ್ನು ಹೇಗೆ ತಂಪಾಗಿರಿಸಿಕೊಂಡಿದ್ದರೆಂಬುದನ್ನು ಅರಿತವನಿಗೇ ಅದು ಪೂರ್ಣವಾಗಿ ಗೋಚರಿಸೀತು.

ಬೆಳಗಾವಿಯಿಂದ ದಕ್ಷಿಣಕ್ಕೆ, ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿದು ಬರುವ ದಂಡೆಯ ಮೇಲೆ ಖಾನಾಪುರವಿದೆ. ಇಲ್ಲಿಯ ಜೇಡಿಮಣ್ಣು ಮಡಕೆಗೂ ಇಟ್ಟಿಗೆಗೂ ಹಂಚಿಗೂ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗವು ತನ್ನ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯನ್ನು ಈ ಊರಿನಲ್ಲಿಯೇ ಇರಿಸಿದುದು ಉಚಿತವೇ ಆಗಿದೆ. ಮೊದಮೊದಲು ಕುಂಬಾರನು ತಿಗರಿಯ ಮೇಲೆ ಕೊಳವೆಯಾಕಾರವನ್ನು ಎತ್ತಿ, ಹಸಿಯಿರುವಾಗಲೇ ಅದನ್ನು ಉದ್ದಕ್ಕೆ ಸೀಳಿ, ಒಣಗಿಸಿ, ಆವಿಗೆಯಲ್ಲಿ ಸುಟ್ಟು ನಾಡಹಂಚನ್ನು ಮಾಡುತ್ತಿದ್ದನು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬುವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು; ಒಂದರಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಆ ಚಪ್ಪಟೆ ಹಂಚು ಕಾಲಾಂತರದಲ್ಲಿ ಘಟ್ಟವನ್ನೇರಿ, ಖಾನಾಪುರದ ಭಟ್ಟಿಗಳಲ್ಲಿಯೂ ಬೇಯತೊಡಗಿ, ಹೊಸ ಕಸುಬೊಂದನ್ನು ಬೆಳೆಯಿಸಿತು.

ಮಳೆಯನ್ನು ತಡೆಯುವುದು ಹಂಚಿನ ಪ್ರಕಟವಾದ ಕೆಲಸ. ಬಿಸಿಲನ್ನು ಪಳಗಿಸುವುದು ಅದರ ಗುಪ್ತವಾದ ಕೆಲಸ. ತೆಳುವಾದುದರಿಂದ ಅದು ಹಗಲಿನ ಶಾಖವನ್ನು ಬಹುಕಾಲ ಹಿಡಿದಿಟ್ಟುಕೊಳ್ಳಲಾರದು. ಅಡ್ಡಮಳೆಯ ಹನಿಯನ್ನು ಹೀರಿ, ಮರುದಿನ ಅದನ್ನು ಆವಿಯಾಗಿ ಬಿಡುತ್ತ ತಾನೂ ತಣಿಯುತ್ತದೆ. ಎರಡು ಹಂಚುಗಳ ನಡುವಿನ ಸಣ್ಣ ಸಂದುಗಳಲ್ಲಿ ಮೇಲೇರಿದ ಬಿಸಿಗಾಳಿ ಹೊರಬೀಳುತ್ತದೆ. ಹಂಚಿಗೂ ವಾಸದ ಕೋಣೆಗೂ ನಡುವೆ ಅಟ್ಟವಿದ್ದ ಮನೆಯಲ್ಲಂತೂ ಉಷ್ಣವು ಮನುಷ್ಯನ ತಲೆಯವರೆಗೆ ಇಳಿಯುತ್ತಲೇ ಇರಲಿಲ್ಲ. ಆದರೆ ಈ ಸೌಖ್ಯಕ್ಕೆ ಪ್ರತಿವರ್ಷದ ಶುಶ್ರೂಷೆ ಬೇಕಾಗಿತ್ತು. ಮೃಗಶಿರಾ ಮಳೆ ಹಿಡಿಯುವ ಮುನ್ನ ಹಂಚು ಕೈಯಾಡಿಸುವವನು ಮಾಡನ್ನೇರಿ, ಕಪಿಗಳು ಕದಲಿಸಿದುದನ್ನು ಸರಿಪಡಿಸಿ, ಒಡೆದುದನ್ನು ತೆಗೆದು, ಸಂದುಗಳಲ್ಲಿ ತುಂಬಿದ ತರಗೆಲೆಯನ್ನೂ ಪಾಚಿಯನ್ನೂ ಗುಡಿಸಿ, ಗೆದ್ದಲು ಹಿಡಿದ ರೀಪನ್ನು ಬದಲಿಸಿ ಇಳಿಯುತ್ತಿದ್ದನು. ನೀರಿಗೂ ಗಾಳಿಗೂ ಅವುಗಳ ದಾರಿಯನ್ನು ಬಿಡಿಸಿಕೊಡುವ ಆ ವಿದ್ಯೆಯನ್ನು ನಾವು ವಿದ್ಯೆಯೆಂದು ಗಣಿಸದೆ ಹೋದುದು ಅನ್ಯಾಯ.

1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋವಿನ ಸೈನ್ಯಕ್ಕೆ ಬೆಳಗಾವಿಯ ಕೋಟೆ ವಶವಾದ ತರುವಾಯ, ದಂಡು ಬೀಡುಬಿಟ್ಟ ಕ್ಯಾಂಪಿನಲ್ಲಿ ಬೇರೊಂದು ಬಗೆಯ ತಂಪು ಬಂದಿತು. ಎತ್ತರವಾದ ಮಾಡು, ಸುತ್ತಲೂ ನೆರಳಿನ ಪಡಸಾಲೆ. ಇವು ಸಾಲದಾದಾಗ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ತೂಗುಹಾಕುತ್ತಿದ್ದುದು ಬಟ್ಟೆಯ ಪಂಖಾ. ಗೋಡೆಯ ರಂಧ್ರದಿಂದ ಹೊರಬಂದ ಅದರ ಹಗ್ಗವನ್ನು ಪಡಸಾಲೆಯಲ್ಲಿ ಕುಳಿತ ಆಳು ರಾತ್ರಿಯೆಲ್ಲ ಎಳೆಯುತ್ತಿರಬೇಕು. ಗೋಡೆಯ ಒಳಗಣವರ ನಿದ್ರೆಗಾಗಿ ಹೊರಗೆ ನಿದ್ದೆಗೆಟ್ಟ ಆ ಜನರ ಹೆಸರುಗಳು ಯಾವ ದಫ್ತರದಲ್ಲಿಯೂ ಮೆರೆಯಲಿಲ್ಲ. ವಿದ್ಯುತ್ತಿನ ಬೀಸಣಿಗೆ ಅವರನ್ನು ಆ ದುಡಿಮೆಯಿಂದ ಬಿಡಿಸಿತೆಂಬುದನ್ನು ಯಂತ್ರಗಳನ್ನು ಹಳಿಯುವವರು ಮರೆಯಬಾರದು.

ಈಗ ಬೆಳಗಾವಿಯದೇ ಭಾಗವಾಗಿರುವ, 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದಲ್ಲಿ ನೇಕಾರರಿಗೆ ಬೇಕಾದುದು ತಂಪಷ್ಟೇ ಅಲ್ಲ, ತೇವವೂ ಹೌದು; ಒಣಗಾಳಿಯಲ್ಲಿ ನೂಲು ಹರಿಯುತ್ತದೆ. ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವನಿಗೆ ನೆಲದ ತೇವ ನೆರವಾಗುತ್ತಿತ್ತು. ಆಶ್ಚರ್ಯವೆಂದರೆ, 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಹವಾನಿಯಂತ್ರಣದ ಏರ್ಪಾಡನ್ನು ರಚಿಸಿದುದೂ ಮನುಷ್ಯರ ಸುಖಕ್ಕಾಗಿ ಅಲ್ಲ, ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗಿ ಕುಗ್ಗದಿರಲೆಂದು.

ಆ ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಆದಕಾರಣ ಅದು ತಣಿಸದಿದ್ದಾಗ ಪರೀಕ್ಷಿಸತಕ್ಕದ್ದು ಉಷ್ಣದ ದಾರಿಯನ್ನೇ. ಮೊದಲನೆಯದಾಗಿ ಒಳಗಣ ಜಾಲರಿ: ಬೇಸಿಗೆಯ ಕೆಂಧೂಳು ಅದರಲ್ಲಿ ಕಟ್ಟಿಕೊಂಡರೆ ಗಾಳಿ ಸಾಗದೆ, ಸುರುಳಿಯ ಮೇಲಿನ ತೇವ ಮಂಜುಗಡ್ಡೆಯಾಗಿ, ಉಳಿದ ಗಾಳಿಯನ್ನೂ ತಡೆಯುತ್ತದೆ. ಆಗ ಯಂತ್ರವನ್ನು ನಿಲ್ಲಿಸಿ, ಗಡ್ಡೆ ತಾನಾಗಿ ಕರಗಲು ಬಿಟ್ಟು, ಜಾಲರಿಯನ್ನು ತೊಳೆದು ಒಣಗಿಸಬೇಕು. ತರುವಾಯ ಹೊರಗಣ ಪೆಟ್ಟಿಗೆ: ಮಳೆಗಂಜಿ ಅದನ್ನು ತಗಡಿನಿಂದ ಮುಚ್ಚಿದ ಅಥವಾ ಇಕ್ಕಟ್ಟಾದ ಸಂದಿಯಲ್ಲಿ ತುರುಕಿದ ಮನೆಗಳಲ್ಲಿ, ಅದು ಬಿಟ್ಟ ಬಿಸಿಯುಸಿರನ್ನು ಅದೇ ಮರಳಿ ಸೇದುತ್ತ, ಕಂಪ್ರೆಸರು ಕಾದು ನಡುನಡುವೆ ನಿಂತುಬಿಡುತ್ತದೆ. ಈ ಎರಡನ್ನು ಗೃಹಸ್ಥನೇ ನೋಡಬಹುದು. ಹೊರಗಿನ ಫ್ಯಾನು ತಿರುಗಿದರೂ ಕಂಪ್ರೆಸರು ಹೊರಡದಿದ್ದರೆ ಮಾತ್ರ, ಅದನ್ನು ಹೊರಡಿಸುವ ಕೆಪಾಸಿಟರಿನಲ್ಲಿ ಯಂತ್ರ ನಿಂತ ಮೇಲೂ ವಿದ್ಯುತ್ತು ಉಳಿದಿರುವುದರಿಂದ, ಬಲ್ಲ ಮೆಕ್ಯಾನಿಕ್ಕನನ್ನೇ ಕರೆಯತಕ್ಕದ್ದು.

‘ಗ್ಯಾಸ್ ಮುಗಿದಿದೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಆ ಅನಿಲ ದೀಪದೆಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ. ಬಹುಮಟ್ಟಿಗೆ ಕೊಳವೆಯ ಕೀಲುಗಳಲ್ಲಿರುವ ಆ ಸೋರಿಕೆಯನ್ನು ಹುಡುಕಿ ಮುಚ್ಚದೆ ಮತ್ತೆ ತುಂಬಿಸುವುದು ಹಣಕ್ಕೂ ಆಕಾಶಕ್ಕೂ ದ್ರೋಹ. 1987ರ ಮಾಂಟ್ರಿಯಲ್ ಒಪ್ಪಂದ ಹುಟ್ಟಿದುದೇ ಇಂಥ ಅನಿಲಗಳಲ್ಲಿ ಕೆಲವು ಓಝೋನ್ ಕವಚವನ್ನು ಹರಿಯುತ್ತವೆಂಬ ಕಾರಣಕ್ಕೆ.

ಇಷ್ಟೆಲ್ಲ ಸರಿಯಿದ್ದು, ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 8ರಿಂದ 12 ಡಿಗ್ರಿ ತಣ್ಣಗಿದ್ದೂ ಕೋಣೆ ಕಾದೇ ಇದ್ದರೆ, ದೋಷ ಯಂತ್ರದ್ದಲ್ಲ. ಯಂತ್ರದ 1 ಟನ್ ಎಂಬ ಅಳತೆ 907 ಕಿಲೋ ಮಂಜುಗಡ್ಡೆ ಅಹೋರಾತ್ರಿಯಲ್ಲಿ ಕರಗುವಾಗ ಹೀರುವ ಉಷ್ಣಕ್ಕೆ ಸಮ. ಅಷ್ಟನ್ನೂ ನುಂಗಬಲ್ಲುದು ಹಂಚನ್ನಿಳಿಸಿ ಹಾಕಿದ ಕಾಂಕ್ರೀಟಿನ ತಾರಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕೆಳಗಿನವರ ಮೇಲೆ ಸುರಿಯುತ್ತಿರುತ್ತದೆ. ತಾರಸಿಯಿಂದ ಅಂತರ ಬಿಟ್ಟು, ಗಾಳಿಯಾಡುವಂತೆ ಅದರ ಮೇಲೊಂದು ಹಂಚಿನ ಮಾಡನ್ನು ಎತ್ತಿದ ಮನೆಗಳಲ್ಲಿ ಈ ಬಾಧೆ ಬಹಳಷ್ಟು ಇಳಿಯುತ್ತದೆ. ಅಷ್ಟು ಅನುಕೂಲವಿಲ್ಲದವರು ಸುಣ್ಣವನ್ನಾದರೂ ಬಳಿಯಬಹುದು. ಆದುದರಿಂದ ಏಸಿಯನ್ನು ನೋಡಲು ಬಂದವನು ತನ್ನ ಚೀಲವನ್ನು ಬಿಚ್ಚುವ ಮೊದಲು, ಹಂಚು ಕೈಯಾಡಿಸುವವನು ಮಾಡುತ್ತಿದ್ದಂತೆ, ಒಮ್ಮೆ ಮನೆಯ ಮೇಲಕ್ಕೆ ಹತ್ತಿ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.