ಗದಗ ಸೀಮೆಯ ಶಾಲಾ ಪರೀಕ್ಷೆಗಳು ಮತ್ತು ಜನಾಭಿಪ್ರಾಯ: ಮುಲ್ಕಿಯಿಂದ ಮೌಲ್ಯಾಂಕನದವರೆಗೆ

ಇಂದು ಒಂದೇ ಜಿಲ್ಲೆಯಲ್ಲಿರುವ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳು ಬ್ರಿಟಿಷರ ಕಾಲದಲ್ಲಿ ಒಂದೇ ಆಡಳಿತದಲ್ಲಿರಲಿಲ್ಲ. ಮೊದಲಿನವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಸಂಸ್ಥಾನಗಳು ವಿಲೀನಗೊಂಡದ್ದು 1948ರಲ್ಲಿ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದುದರಿಂದ ಈ ಸೀಮೆಯ ಶಿಕ್ಷಣದ ಚರಿತ್ರೆಯನ್ನು ಒಂದೇ ದಫ್ತರದಿಂದ ಬರೆಯಲಾಗದು. ಆದರೂ ಪರೀಕ್ಷೆಯನ್ನು ಕುರಿತ ಜನರ ಧೋರಣೆಯಲ್ಲಿ ಒಂದು ಸಾತತ್ಯವಿದೆ. ಅದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಲೆಯಿಂದ ಲೆಕ್ಕ ಕೇಳುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ‘ಫಲಿತಾಂಶಕ್ಕೆ ತಕ್ಕ ಅನುದಾನ’ದ ನಿಯಮವನ್ನು ಅದೇ ದಶಕದಲ್ಲಿ ಮುಂಬಯಿ ಪ್ರಾಂತವೂ ಅಳವಡಿಸಿಕೊಂಡಿತು. ಇದರ ಪ್ರಕಾರ ಇನ್ಸ್‌ಪೆಕ್ಟರರು ಶಾಲೆಗೆ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸುತ್ತಿದ್ದರು; ಎಷ್ಟು ಮಕ್ಕಳು ಉತ್ತೀರ್ಣರೋ ಅಷ್ಟು ಅನುದಾನ. ಬಾಸೆಲ್ ಮಿಶನ್ 1841ರಲ್ಲೇ ನೆಲೆಯೂರಿದ್ದ ಬೆಟಗೇರಿಯಂಥ ಊರಿನಲ್ಲಿಯೂ ಅನುದಾನ ಬಯಸುವ ಖಾಸಗಿ ಶಾಲೆ ಈ ತಕ್ಕಡಿಯಲ್ಲಿ ತೂಗಿಸಿಕೊಳ್ಳಲೇಬೇಕಿತ್ತು. ಮಗುವಿನ ಬಾಯಿಪಾಠ ಶಾಲೆಯ ಆದಾಯವಾದ ಮೇಲೆ ಬೋಧನೆ ತಪಾಸಣೆಯ ದಿನಕ್ಕಾಗಿಯೇ ನಡೆಯುವುದು ಅನಿವಾರ್ಯ. ಹಂಟರ್ ಆಯೋಗವು (1882) ಕಾಲೇಜುಗಳಿಗೆ ಈ ಪದ್ಧತಿ ಸಲ್ಲದೆಂದರೂ ಪ್ರಾಥಮಿಕ ಶಾಲೆಗಳಿಗೆ ಅದನ್ನೇ ಸೂಚಿಸಿತು! ಕರ್ಜನ್ನನ ಕಾಲದ 1904ರ ಶಿಕ್ಷಣ ನೀತಿಯ ನಂತರವೇ ಅದು ತೆರೆಮರೆಗೆ ಸರಿಯಿತು.

ಇದೇ ಅವಧಿಯಲ್ಲಿ ಧಾರವಾಡ ಭಾಗದಲ್ಲಿ ಕನ್ನಡ ಶಾಲೆಗಳು ಬೆಳೆದವು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿದ ಚೆನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯೇ ಅಂಟಿಕೊಂಡಿತು. ಶಾಲೆಗಳನ್ನು ತಪಾಸಿಸುವ ಅಧಿಕಾರಿಯೊಬ್ಬರನ್ನು ನಾಡು ಇಂದಿಗೂ ಪ್ರೀತಿಯಿಂದ ನೆನೆಯುತ್ತದೆ ಎಂಬುದು ಗಮನಾರ್ಹ. ಜನರು ತಪಾಸಣೆಯನ್ನೇ ದ್ವೇಷಿಸಿದರೆನ್ನಲು ಬಾರದು. ತಪಾಸಿಸುವವನು ಶಾಲೆಗೆ ಏನು ತಂದನೆಂಬುದನ್ನು ಅವರು ನೋಡಿದರು.

ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ‘ಮುಲ್ಕಿ’ ಪರೀಕ್ಷೆಯ ಗೌರವಕ್ಕೂ ಇದೇ ಕಾರಣ. (ಮರಾಠಿಯ ಮೂಲಕ ಬಂದ ‘ಇಯತ್ತೆ’ ಎಂಬ ಶಬ್ದ ಈ ಭಾಗದ ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿದೆ.) ಮುಲ್ಕಿ ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆಯ, ತಲಾಟಿಕೆಯ ದಾರಿ ತೆರೆಯುತ್ತಿತ್ತು. ಒಕ್ಕಲಿಗನ ಅಥವಾ ನೇಕಾರನ ಮಗನಿಗೆ ಇದು ದೊಡ್ಡ ಏಣಿಯೇ ಸರಿ. ಪರೀಕ್ಷೆ ಕಠಿಣವಾಗಿದ್ದರೂ ಗೆದ್ದವನ ಕೈಗೆ ಒಂದು ಫಲ ದೊರೆಯುತ್ತಿತ್ತು. ಏಣಿ ಏರಲಾಗದೆ ಉಳಿದವರ, ಅದರಲ್ಲೂ ಹೆಣ್ಣುಮಕ್ಕಳ, ಮಾತನ್ನು ಈ ಗೌರವ ಮರೆಸುತ್ತದೆ ಎಂಬುದನ್ನೂ ಹೇಳಲೇಬೇಕು.

ಇಪ್ಪತ್ತೊಂದನೆಯ ಶತಮಾನದಲ್ಲಿ ಹೊಣೆಯ ಪ್ರಶ್ನೆ ಬೇರೆ ರೂಪ ತಳೆಯಿತು. 2001ರಲ್ಲಿ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಲೆಕ್ಕ ಕೇಳುವ ಅಧಿಕಾರವನ್ನು ಪಾಲಕರಿಗೆ, ಕಾಗದದ ಮೇಲಾದರೂ, ನೀಡಿದವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗೆ ಬೋರ್ಡ್ ಪರೀಕ್ಷೆಯನ್ನೂ ಅನುತ್ತೀರ್ಣಗೊಳಿಸುವುದನ್ನೂ ನಿಷೇಧಿಸಿತು. 2019ರ ತಿದ್ದುಪಡಿ 5 ಮತ್ತು 8ನೆಯ ತರಗತಿಗಳ ಪರೀಕ್ಷೆಗೆ ಮತ್ತೆ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ‘ಮೌಲ್ಯಾಂಕನ’ವೆಂಬ ಹೆಸರಿನಲ್ಲಿ ಬಂದ ರಾಜ್ಯಮಟ್ಟದ ಪರೀಕ್ಷೆಯನ್ನು ಖಾಸಗಿ ಶಾಲೆಗಳ ಸಂಘಟನೆಗಳು ಪ್ರಶ್ನಿಸಿದವು, ನಿಯಮ ರಚನೆಯ ಶಾಸನಬದ್ಧ ಕ್ರಮವನ್ನು ಪಾಲಿಸಿಲ್ಲ ಎಂಬುದು ಅವುಗಳ ಮುಖ್ಯ ಆಕ್ಷೇಪ.

2024ರ ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದುಪಡಿಸಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. 11ರಂದು ಆರಂಭವಾದ ಪರೀಕ್ಷೆ ಸರ್ವೋಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ಅರ್ಧಕ್ಕೆ ನಿಂತಿತು, ತಿಂಗಳ ಕೊನೆಗೆ ಮುಂದುವರಿಯಿತು. ಏಪ್ರಿಲ್ 8ರಂದು 5, 8 ಮತ್ತು 9ನೆಯ ತರಗತಿಗಳ ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಮಗು ಓದಿತು, ಬರೆಯಿತು, ನಡುವೆ ಕಾಯಿತು, ಮತ್ತೆ ಬರೆಯಿತು. ಮುಲ್ಕಿ ಬರೆದವನಿಗೆ ದೊರೆತದ್ದು ಪ್ರಮಾಣಪತ್ರ. ಈ ಮಗುವಿಗೆ ದೊರೆತದ್ದು ನ್ಯಾಯಾಲಯದ ಮುಂದಿನ ತಾರೀಖು.